ಪ್ರಮಾಣಪತ್ರದಲ್ಲಿಲ್ಲದ ಕಾಯಕ

ನಾನು ನಿವೃತ್ತನಾಗುವುದಕ್ಕೆ ಎರಡು ವರ್ಷ ಮೊದಲಿನ ಮಾತು. ಹಳ್ಳಕ್ಕೆ ಕಟ್ಟುತ್ತಿದ್ದ ಸಣ್ಣ ಸೇತುವೆಯೊಂದರ ತಪಾಸಣೆಗೆ ಹೋಗಿದ್ದೆ. ಸ್ಲ್ಯಾಬಿಗೆ ಕಾಂಕ್ರೀಟ್ ಹಾಕುತ್ತಿದ್ದರು. ಕೆಲಸ ಸಲೀಸಾಗಲೆಂದು ಆಳುಗಳು ಮಿಕ್ಸರಿಗೆ ಕೊಡಗಟ್ಟಲೆ ನೀರು ಸುರಿಯುತ್ತಿದ್ದರು. ಗುತ್ತಿಗೆದಾರರ ಕಡೆಯ ಯುವ ಎಂಜಿನಿಯರ್ ಪಕ್ಕದಲ್ಲೇ ಸುಮ್ಮನೆ ನಿಂತಿದ್ದ. ನೀರು ಹೆಚ್ಚಾದಷ್ಟೂ ಕಾಂಕ್ರೀಟಿನ ಬಲ ಕುಗ್ಗುತ್ತದೆ. ಇದು ಕಾಲೇಜಿನಲ್ಲೇ ಕಲಿಸುವ ಪಾಠ. ನನಗೆ ಸಿಟ್ಟು ಬಂತು. “ನಿನಗೆ ಕೆಲಸ ಕಲಿಸಿದವರು ಯಾರಪ್ಪಾ?” ಎಂದೆ.

ಅವನು ತಲೆ ತಗ್ಗಿಸಿ, “ಸರ್, ನನ್ನ ಟ್ರೇನಿಂಗ್ ನಿಮ್ಮ ಆಫೀಸಿನಲ್ಲೇ ಆಗಿದ್ದು. ಸರ್ಟಿಫಿಕೇಟಿಗೆ ನೀವೇ ಸಹಿ ಮಾಡಿದ್ರಿ” ಎಂದ.

ನಿಜವೇ. ಪರಿಚಯದವರ ಮಗ. ಒಂದು ದಿನ ತಂದೆಯ ಜೊತೆ ಬಂದು ಚಹಾ ಕುಡಿದು ಹೋಗಿದ್ದ. ನಾಲ್ಕು ವಾರ ತರಬೇತಿ ಪಡೆದಿದ್ದಾನೆಂದು ನಾನು ಬರೆದುಕೊಟ್ಟೆ. ಹುಡುಗನಿಗೆ ಉಪಕಾರ ಮಾಡಿದೆನೆಂದೇ ಅಂದುಕೊಂಡಿದ್ದೆ. ಅಂಥ ಕಾಗದಗಳಿಗೆ ಸೇವಾವಧಿಯಲ್ಲಿ ಎಷ್ಟು ಬಾರಿ ಸಹಿ ಮಾಡಿದೆನೋ, ಲೆಕ್ಕವಿಟ್ಟಿಲ್ಲ.

ಶರಣ ಬಂಧುಗಳೇ, ಇಂದು ಓದಿದವರಿಗೆ ಕೆಲಸವಿಲ್ಲ ಎಂದು ಪಾಲಕರು ಗೋಳಾಡುತ್ತಾರೆ. ಕೆಲಸ ಬಲ್ಲವರೇ ಸಿಗುತ್ತಿಲ್ಲ ಎಂದು ಉದ್ದಿಮೆದಾರರು ದೂರುತ್ತಾರೆ. ಈ ಕಂದಕ ತುಂಬಲೆಂದೇ ಎಂಜಿನಿಯರಿಂಗ್ ವಿದ್ಯಾರ್ಥಿಗಳಿಗೆ ಇಂಟರ್ನ್‌ಶಿಪ್ ಕಡ್ಡಾಯವಾಯಿತು. ಉದ್ದೇಶ ಒಳ್ಳೆಯದು. ಆದರೆ ಕಡ್ಡಾಯವಾದ ಕೂಡಲೇ ಅದಕ್ಕೊಂದು ಸಂತೆಯೂ ಹುಟ್ಟಿಕೊಂಡಿತು. ದುಡ್ಡು ಕೊಟ್ಟರೆ ಮನೆಯಲ್ಲೇ ಕುಳಿತವನಿಗೂ ಪ್ರಮಾಣಪತ್ರ ಬರುತ್ತದೆ. ವಿದ್ಯಾರ್ಥಿಗೆ ಅಂಕ, ಕಾಲೇಜಿಗೆ ಕಡತ, ಕೊಟ್ಟವರಿಗೆ ಕಾಸು. ಕೆಲಸವೊಂದನ್ನು ಬಿಟ್ಟು ಉಳಿದೆಲ್ಲವೂ ನಡೆಯುತ್ತದೆ.

ಆಯ್ದಕ್ಕಿ ಮಾರಯ್ಯ ಒಂದು ದಿನ ಅಗತ್ಯಕ್ಕಿಂತ ಹೆಚ್ಚು ಅಕ್ಕಿ ತಂದಾಗ ಲಕ್ಕಮ್ಮ ಅದನ್ನು ಮರಳಿಸಿ ಬರಲು ಹೇಳಿದ ಕಥೆ ನಮ್ಮ ಮನೆಗಳಲ್ಲಿ ಎಲ್ಲರಿಗೂ ಗೊತ್ತು. ದುಡಿಯದೆ ಬಂದ ಪ್ರಮಾಣಪತ್ರವೂ ಆ ಹೆಚ್ಚುವರಿ ಅಕ್ಕಿಯೇ. ಮಗ ಅದನ್ನು ಮನೆಗೆ ತಂದಾಗ ‘ಇದನ್ನು ವಾಪಸು ಕೊಟ್ಟು ಬಾ’ ಎನ್ನುವ ತಾಯಿ ತಂದೆ ನಮ್ಮಲ್ಲಿ ಎಷ್ಟು ಜನ?

ಇನ್ನೊಂದು ಕಾಯಿಲೆಯೂ ನಮ್ಮಲ್ಲಿದೆ. ‘ಓದುವ ಹುಡುಗನಿಗೆ ದುಡಿಮೆ ಯಾಕೆ?’ ಎನ್ನುತ್ತೇವೆ. ಮೇಸ್ತ್ರಿಯ ಜೊತೆ ನಿಂತು ಕೆಲಸ ಕಲಿಯುವುದು ನಮಗೆ ಅವಮಾನ. ಸರ್ ಎಂ. ವಿಶ್ವೇಶ್ವರಯ್ಯನವರು ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಓದುವಾಗ ಮನೆಪಾಠ ಹೇಳಿಯೇ ತಮ್ಮ ಖರ್ಚು ನೋಡಿಕೊಂಡರು. ಆ ದುಡಿಮೆಯಿಂದ ಅವರ ಘನತೆ ಕುಂದಲಿಲ್ಲ. ಕಾಯಕದಲ್ಲಿ ಮೇಲು ಕೀಳಿಲ್ಲವೆಂದು ವೇದಿಕೆಯಲ್ಲಿ ಹೇಳಿ, ಮನೆಗೆ ಬಂದು ಮಗನ ಕೈಗೆ ಸಿಮೆಂಟ್ ತಾಗಬಾರದು ಎನ್ನುವವರು ನಾವು.

ಬಡ ವಿದ್ಯಾರ್ಥಿಯ ಕಷ್ಟ ಬೇರೆ. ಸಂಬಳವಿಲ್ಲದ ಕೆಲಸಕ್ಕೆ ಬೆಂಗಳೂರಿನಲ್ಲಿ ಬಾಡಿಗೆ ಕೊಟ್ಟುಕೊಂಡು ಇರಲು ಅವನಿಂದಾಗದು. ಹೆಣ್ಣುಮಗಳಾದರೆ ವಸತಿ, ಸುರಕ್ಷತೆಯ ಚಿಂತೆಯೂ ಸೇರುತ್ತದೆ. ಆದರೆ ಕೆಲಸ ಕಲಿಯಲು ಬೆಂಗಳೂರೇ ಬೇಕೆಂದು ಹೇಳಿದವರಾರು? ತಾಲೂಕಿನಲ್ಲೇ ಕಟ್ಟಡ, ರಸ್ತೆ, ನೀರು ಸರಬರಾಜಿನ ಕೆಲಸಗಳು ನಡೆಯುತ್ತವೆ. ಬಿ.ಕಾಂ. ವಿದ್ಯಾರ್ಥಿಗೆ ಸಹಕಾರ ಸಂಘದ ಮಾರ್ಚ್ ಲೆಕ್ಕ ಮುಕ್ತಾಯವಿದೆ, ತೆರಿಗೆ ಸಲಹೆಗಾರರ ಕಚೇರಿಯ ಜುಲೈ ತಿಂಗಳ ಗಡಿಬಿಡಿಯಿದೆ. ಇಲ್ಲಿ ಎರಡು ತಿಂಗಳು ನಿಷ್ಠೆಯಿಂದ ದುಡಿದವನು ಸಂದರ್ಶನದಲ್ಲಿ ತಡವರಿಸುವುದಿಲ್ಲ. ಪದವಿ ಮುಗಿದ ಮೇಲಂತೂ 1961ರ ಅಪ್ರೆಂಟಿಸ್ ಕಾಯ್ದೆಯ ಆಸರೆಯಿದೆ. 2019ರ ತಿದ್ದುಪಡಿಯಲ್ಲಿ ಪದವೀಧರ ಅಪ್ರೆಂಟಿಸ್‌ಗೆ ತಿಂಗಳಿಗೆ ಕನಿಷ್ಠ 9,000 ರೂಪಾಯಿ ಶಿಷ್ಯವೇತನ ನಿಗದಿಯಾಯಿತು. ನಮ್ಮ ಹಳ್ಳಿಯ ಎಷ್ಟೋ ಮಕ್ಕಳಿಗೆ ಈ ದಾರಿಯೇ ತಿಳಿದಿಲ್ಲ.

ವಿದ್ಯಾರ್ಥಿಗಳಿಗೆ ನನ್ನ ಸಲಹೆ ಇಷ್ಟೆ. ಮೊದಲ ವರ್ಷದ ರಜೆಯಿಂದಲೇ ಶುರು ಮಾಡಿ. ದಿನವೂ ಡೈರಿ ಬರೆಯಿರಿ: ಇಂದು ಏನು ಮಾಡಿದೆ, ಎಲ್ಲಿ ತಪ್ಪಿದೆ, ಯಾರು ತಿದ್ದಿದರು. ಒಂದು ಘನ ಮೀಟರ್ ಎಂ-20 ಕಾಂಕ್ರೀಟಿಗೆ ಸುಮಾರು ಎಂಟು ಚೀಲ ಸಿಮೆಂಟ್ ಬೇಕೆಂದು ಪುಸ್ತಕದಲ್ಲಿ ಓದಿದವನು ಮರೆಯುತ್ತಾನೆ, ಚೀಲ ಎಣಿಸಿ ಹಾಕಿಸಿದವನು ಮರೆಯುವುದಿಲ್ಲ. ಕೆಲಸ ಕೊಡುವವರಿಗೆ ಪ್ರಮಾಣಪತ್ರದ ಬದಲು ಆ ಡೈರಿ ತೋರಿಸಿ.

ನಮ್ಮ ಮಠಗಳಿಗೂ ಒಂದು ವಿನಂತಿ. ಶಾಲೆ ಕಾಲೇಜು, ಪ್ರಸಾದ ನಿಲಯ, ದಾಸೋಹದ ಅಡುಗೆಮನೆ, ಹೊಸ ಕಟ್ಟಡಗಳು ಎಲ್ಲವೂ ಮಠಗಳಲ್ಲಿವೆ. ಅಲ್ಲಿಯ ಲೆಕ್ಕ, ವಿದ್ಯುತ್, ನೀರು, ದುರಸ್ತಿ ಕೆಲಸಗಳಲ್ಲಿ ನಿಲಯದ ವಿದ್ಯಾರ್ಥಿಗಳನ್ನು ಅನುಭವಿಗಳ ಕೈಕೆಳಗೆ ತೊಡಗಿಸಿ. ಇದು ಬಿಟ್ಟಿ ಚಾಕರಿ ಆಗಬಾರದು. ಅಲ್ಪವಾದರೂ ಶಿಷ್ಯವೇತನ ಕೊಡಿ. ಮಾಡಿದ ಕೆಲಸವನ್ನಷ್ಟೇ ಪ್ರಮಾಣಪತ್ರದಲ್ಲಿ ಬರೆಯಿರಿ, ಮಾಡದವನಿಗೆ ಯಾರ ಮಗನೆಂದೂ ನೋಡದೆ ಇಲ್ಲವೆನ್ನಿ.

ಅಂದು ಆ ಸೇತುವೆಯ ಕೆಲಸ ನಿಲ್ಲಿಸಿ, ಹಾಕಿದ್ದ ಕಾಂಕ್ರೀಟನ್ನು ತೆಗೆಸಿ ಹೊಸದಾಗಿ ಹಾಕಿಸಿದೆ. ಹುಡುಗನನ್ನು ಪಕ್ಕಕ್ಕೆ ಕರೆದು ನೀರಿನ ಅಳತೆ, ಕ್ಯೂಬ್ ತುಂಬುವ ಬಗೆ ತೋರಿಸಿದೆ. ನಾಲ್ಕು ವಾರ ಕಲಿಸಿದ್ದೇನೆಂದು ಸಹಿ ಮಾಡಿದ್ದವನು ಅವನಿಗೆ ಮೊದಲ ಬಾರಿ ಕಲಿಸಿದ್ದು ಅಂದು ಸಂಜೆ. ಆ ಸಾಲ ಇನ್ನೂ ಪೂರ್ತಿ ತೀರಿಲ್ಲ.