ಎಷ್ಟು ವೇಗದ ಎಸ್‌ಎಸ್‌ಡಿ ಬೇಕು?

ಸ್ವಿಚ್ ಒತ್ತಿ, ಅಡುಗೆಮನೆಗೆ ಹೋಗಿ ಕಾಫಿ ಕುಡಿದು ಬಂದರೂ ಪರದೆಯ ಮೇಲೆ ಚಕ್ರ ತಿರುಗುತ್ತಲೇ ಇರುತ್ತದೆ. ‘ಅಪ್ಪಾಜಿ, ಇದು ಆಗಲ್ಲ, ಹೊಸ ಕಂಪ್ಯೂಟರೇ ಕೊಡ್ಸಿ’ ಎನ್ನುತ್ತಾಳೆ ಮಗಳು. ‘ಕಬ್ಬಿನ ಬಿಲ್ಲು ಬರ್ಲಿ, ನೋಡೋಣ’ ಎನ್ನುತ್ತಾರೆ ಅಪ್ಪ. ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್. ಪೇಟೆ, ನಾಗಮಂಗಲದ ಮನೆಗಳಿಗೆ ಈ ಮಾತು ಹೊಸದಲ್ಲ. ಆದರೆ ಎಷ್ಟೋ ವೇಳೆ ಬದಲಾಯಿಸಬೇಕಾದದ್ದು ಕಂಪ್ಯೂಟರನ್ನಲ್ಲ, ಅದರೊಳಗಿನ ಹಾರ್ಡ್ ಡಿಸ್ಕನ್ನು ಮಾತ್ರ.

ಹಾರ್ಡ್ ಡಿಸ್ಕಿನಲ್ಲಿ ನಿಮಿಷಕ್ಕೆ 5400 ಅಥವಾ 7200 ಸುತ್ತು ತಿರುಗುವ ತಟ್ಟೆ ಇರುತ್ತದೆ. ಬೇಕಾದ ಕಡತ ಹುಡುಕಲು ಅದರ ತೋಳು ಪ್ರತಿ ಸಲವೂ ಹತ್ತು ಮಿಲಿಸೆಕೆಂಡಿನಷ್ಟು ಅಲೆಯಬೇಕು. ಎಸ್‌ಎಸ್‌ಡಿಯಲ್ಲಿ ತಿರುಗುವ ಭಾಗವೇ ಇಲ್ಲ, ಎಲ್ಲವೂ ಚಿಪ್ಪುಗಳಲ್ಲಿ. ಅಲ್ಲಿ ಇದೇ ಕೆಲಸಕ್ಕೆ ಹತ್ತರಲ್ಲೊಂದು ಮಿಲಿಸೆಕೆಂಡೂ ಬೇಡ.

ನಾಲೆ ಮತ್ತು ಸುರಂಗ

ಅಂಗಡಿಯಲ್ಲಿ ಎರಡು ಬಗೆಯ ಎಸ್‌ಎಸ್‌ಡಿ ಕಾಣುತ್ತವೆ. ಕೇಬಲ್ಲಿನಿಂದ ಜೋಡಿಸುವ ಸಾಟಾ ಡ್ರೈವ್ ಸೆಕೆಂಡಿಗೆ ಸುಮಾರು 550 ಮೆಗಾಬೈಟ್ ಓದುತ್ತದೆ. ಮದರ್‌ಬೋರ್ಡಿನ ಎಂ.2 ಕಿಂಡಿಗೆ ಸಿಕ್ಕಿಸುವ ಎನ್‌ವಿಎಂಇ ಡ್ರೈವ್‌ಗಳ ಪೈಕಿ ಪಿಸಿಐಇ ಮೂರನೇ ತಲೆಮಾರಿನವು ಸುಮಾರು 3500, ನಾಲ್ಕನೆಯವು 7000 ಮೆಗಾಬೈಟ್‌ವರೆಗೆ ಓದಬಲ್ಲವು. ಐದನೆಯವು ಇನ್ನೂ ವೇಗ.

ಹಾಗೆಂದು ಡಬ್ಬಿಯ ಮೇಲಿನ ಅಂಕಿ ನೋಡಿ ಹಣ ಕೊಡಬಾರದು. ಕೆಆರ್‌ಎಸ್‌ನಿಂದ ಹೊರಟ ವಿಶ್ವೇಶ್ವರಯ್ಯ ನಾಲೆಯನ್ನು ಎಷ್ಟೇ ಅಗಲ ಮಾಡಿದರೂ ಹುಲಿಕೆರೆ ಸುರಂಗದಲ್ಲಿ ಹಿಡಿಸುವಷ್ಟೇ ನೀರು ಮುಂದೆ ಹೋದೀತು. ಇಲ್ಲಿ ಮದರ್‌ಬೋರ್ಡೇ ಆ ಸುರಂಗ. ಮೂರನೇ ತಲೆಮಾರಿನ ಕಿಂಡಿಯಲ್ಲಿ 7000ದ ಡ್ರೈವ್ ಕೂಡ 3500ಕ್ಕೇ ನಿಲ್ಲುತ್ತದೆ. ಕೆಲವು ಎಂ.2 ಕಿಂಡಿಗಳು ಸಾಟಾ ಮಾತ್ರ ಒಪ್ಪುತ್ತವೆ, ಹಳೆಯ ಬೋರ್ಡುಗಳಲ್ಲಿ ಕಿಂಡಿಯೇ ಇರುವುದಿಲ್ಲ.

ಪ್ರಾಜೆಕ್ಟ್ ವರದಿ, ಪ್ರೋಗ್ರಾಮಿಂಗ್ ಅಭ್ಯಾಸ, ಆನ್‌ಲೈನ್ ಪಾಠ, ಇಷ್ಟಕ್ಕೆ ಸಾಟಾ ಸಾಕು. ಹಾರ್ಡ್ ಡಿಸ್ಕಿನಿಂದ ಸಾಟಾಗೆ ಬಂದಾಗ ಕಾಣುವ ವ್ಯತ್ಯಾಸ, ಸಾಟಾದಿಂದ ಎನ್‌ವಿಎಂಇಗೆ ಹೋದಾಗ ಕಾಣದು. ದೊಡ್ಡ ವಿಡಿಯೋ ಕಡತಗಳ ಜೊತೆ ದಿನವೂ ಕೆಲಸ ಮಾಡುವವರಿಗೆ ಎನ್‌ವಿಎಂಇ ಉಪಯುಕ್ತ. ಹೊಸ ಬೋರ್ಡಿದ್ದು, ಎರಡರ ಬೆಲೆಯೂ ಸರಿಸುಮಾರು ಒಂದೇ ಆಗಿದ್ದರೆ ಉಳಿದವರೂ ಅದನ್ನೇ ಕೊಳ್ಳಬಹುದು.

ಕೊಳ್ಳುವ ಮುನ್ನ

ಶ್ರೀರಂಗಪಟ್ಟಣದವರಿಗೆ ಮೈಸೂರು ಪಕ್ಕದಲ್ಲೇ ಇದೆ. ಕೆ.ಆರ್. ಪೇಟೆ, ನಾಗಮಂಗಲದವರು ತಪ್ಪು ಡ್ರೈವ್ ತಂದರೆ ಒಂದು ದಿನ ಮತ್ತು ಬಸ್ ಚಾರ್ಜು ಎರಡೂ ದಂಡ. ಹೊರಡುವ ಮೊದಲೇ ವಿಂಡೋಸಿನ ‘ಸಿಸ್ಟಂ ಇನ್ಫರ್ಮೇಷನ್’ ತೆರೆದು ಮದರ್‌ಬೋರ್ಡಿನ ಹೆಸರನ್ನು ಚೀಟಿಯಲ್ಲಿ ಬರೆದುಕೊಳ್ಳಬೇಕು. ಸಾಟಾ ಡ್ರೈವಿನ ಜೊತೆ ಕೇಬಲ್ ಸಾಮಾನ್ಯವಾಗಿ ಬರುವುದಿಲ್ಲ, ಅದನ್ನೂ ಕೇಳಿ ತರಬೇಕು.

500 ಜಿಬಿ ವಿದ್ಯಾರ್ಥಿಗೆ ಧಾರಾಳ. ಚಿಪ್ಪು ‘ಟಿಎಲ್‌ಸಿ’ ಆಗಿದ್ದರೆ ಒಳ್ಳೆಯದು. ಅಗ್ಗದ ‘ಕ್ಯೂಎಲ್‌ಸಿ’ ತುಂಬುತ್ತಾ ಬಂದಂತೆ ಬರೆಯುವಾಗ ಬಹಳ ನಿಧಾನವಾಗಬಹುದು. ಹೆಸರು ಕೇಳದ ಕಂಪನಿಯ ಡ್ರೈವ್ ನಂಬಲಾಗದಷ್ಟು ಕಡಿಮೆ ಬೆಲೆಗೆ ಬಂದರೆ ದೂರವಿಡುವುದೇ ಲೇಸು. ಬಿಲ್ಲು, ವಾರಂಟಿ ಎರಡನ್ನೂ ಕೇಳಿ ಪಡೆಯಬೇಕು.

ಒಂದು ಎಚ್ಚರಿಕೆ: ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಸಾಮಾನ್ಯ ಬೆಂಬಲ ನಿಲ್ಲಿಸಿದ್ದು 2025ರ ಅಕ್ಟೋಬರ್ 14ರಂದು. ಇಂಟೆಲ್‌ನ ಎಂಟನೇ ತಲೆಮಾರಿಗಿಂತ ಹಳೆಯ ಪ್ರೊಸೆಸರುಗಳು, ಒಂದೆರಡನ್ನು ಬಿಟ್ಟರೆ, ವಿಂಡೋಸ್ 11ರ ಪಟ್ಟಿಯಲ್ಲಿಲ್ಲ. ಎಸ್‌ಎಸ್‌ಡಿ ಅಂಥ ಯಂತ್ರವನ್ನು ಚುರುಕಾಗಿಸೀತು, ಹೊಸದಾಗಿಸಲಾರದು. ಅದಕ್ಕೆ ಉಚಿತವಾಗಿ ದೊರೆಯುವ ಲಿನಕ್ಸ್ ಹಾಕಿಕೊಳ್ಳಬಹುದು. ಮುಂದೆ ಬೇರೆ ಕಂಪ್ಯೂಟರ್ ಕೊಂಡಾಗ ಸಾಟಾ ಡ್ರೈವನ್ನು ಅದಕ್ಕೂ ಜೋಡಿಸಿಕೊಳ್ಳಬಹುದು.

ತೆಗೆದ ಹಾರ್ಡ್ ಡಿಸ್ಕನ್ನು ಗುಜರಿಗೆ ಹಾಕಬಾರದು. ಎಸ್‌ಎಸ್‌ಡಿ ಕೆಡುವಾಗ ಸದ್ದು ಮಾಡುವುದಿಲ್ಲ, ಸುಳಿವೂ ಕೊಡದಿರಬಹುದು. ಕಳೆದದ್ದನ್ನು ಮರಳಿ ಪಡೆಯುವುದು ಕಷ್ಟ, ದುಬಾರಿ ಕೂಡ. ಸುಸ್ಥಿತಿಯಲ್ಲಿರುವ ಹಳೆಯ ಡಿಸ್ಕಿಗೆ ವಾರಕ್ಕೊಮ್ಮೆ ಪ್ರಾಜೆಕ್ಟಿನ ಪ್ರತಿ ತೆಗೆದಿಟ್ಟರೆ, ಪರೀಕ್ಷೆಯ ಹಿಂದಿನ ರಾತ್ರಿ ಮನೆಮಂದಿ ನೆಮ್ಮದಿಯಾಗಿ ನಿದ್ದೆ ಮಾಡಬಹುದು.