ಮೊದಲು ನಮ್ಮ ಗಾಡಿ ಬಾಯಿ ಮುಚ್ಚಲಿ

ಕಾಲಿದ್ದವರು ಹಂಪಿ ನೋಡಬೇಕು, ಕಣ್ಣಿದ್ದವರು ಕನಕಗಿರಿ ನೋಡಬೇಕು ಅಂತ ನಮ್ಮ ಕಡೆ ಒಂದು ಮಾತಿದೆ. ಕಿವಿ ಇದ್ದವರು ಎಲ್ಲಿಗೆ ಹೋಗಬೇಕು ಅನ್ನೋದನ್ನ ಮಾತ್ರ ಯಾರೂ ಹೇಳಿಲ್ಲ. ನಾವು ಹೇಳ್ತೀವಿ, ಅವರೂ ಕನಕಗಿರಿಗೇ ಬರಲಿ. ಊರು ದಾಟಿ ತಾವರಗೇರಾ ಕಡೆ ಸ್ವಲ್ಪ ದೂರ ಹೋಗಿ, ಹತ್ತಿರ ಕರೆಂಟ್ ಲೈನ್ ಇಲ್ಲದ ಜಾಗದಲ್ಲಿ ಗಾಡಿ ನಿಲ್ಲಿಸಿ, ಎಂಜಿನ್ ಬಂದ್ ಮಾಡಿ, 7 ಮೆಗಾಹರ್ಟ್ಜ್ ಹ್ಯಾಮ್ ಬ್ಯಾಂಡ್ ಹಾಕಿ ಕೇಳ್ರಿ. ಸಿಟಿಯ ಅಪಾರ್ಟ್‌ಮೆಂಟ್‌ಗಳಲ್ಲಿ ಕೂತ ಹ್ಯಾಮ್‌ಗಳು ಹೊಟ್ಟೆಕಿಚ್ಚು ಪಡುವಷ್ಟು ಶಾಂತ ಇರುತ್ತೆ. ಆಮೇಲೆ ಅದೇ ಜಾಗದಲ್ಲಿ ಎಂಜಿನ್ ಸ್ಟಾರ್ಟ್ ಮಾಡಿ, ಮೊಬೈಲ್ ಚಾರ್ಜರ್ ಸಿಕ್ಕಿಸ್ರಿ. ಕೂಯ್ ಅಂತ ಒಂದು ಸ್ವರ, ಅದರ ಹಿಂದೆ ಕರಕರ, ಎಲ್ಲದರ ಮೇಲೆ ಎಣ್ಣೆ ಕಾದಂಗೆ ಚುರ್ ಚುರ್. ಅಷ್ಟೊತ್ತು ಮಾತಾಡ್ತಿದ್ದ ದನಿಗಳು ಅದರೊಳಗೆ ಮುಳುಗಿ ಹೋಗ್ತವೆ.

ಗಾಡಿಯಲ್ಲಿ ಹ್ಯಾಮ್ ರೇಡಿಯೋ ಕೂರಿಸೋಣ ಅನ್ನೋ ಮಾತು ಕ್ಯಾಂಪಸ್‌ನಲ್ಲಿ ಬಂದಾಗೆಲ್ಲ ಚರ್ಚೆ ಎರಡೇ ಪ್ರಶ್ನೆಗೆ ಬಂದು ನಿಲ್ಲುತ್ತೆ. ಎಷ್ಟು ವ್ಯಾಟ್? ಆಂಟೆನಾ ಎಷ್ಟು ಉದ್ದ? ಈ ಲೆಕ್ಕ ಉಲ್ಟಾ ಅನ್ನೋದು ನಮ್ಮ ವಾದ. ಮೊದಲ ದುಡ್ಡು, ಮೊದಲ ಭಾನುವಾರ ಎರಡೂ ಗಾಡಿಯ ಸ್ವಂತ ಗದ್ದಲ ಇಳಿಸೋಕೆ ಖರ್ಚಾಗಬೇಕು. ವ್ಯಾಟು, ಆಂಟೆನಾ ಆಮೇಲೆ.

ಹ್ಯಾಮ್ ಅಂದ್ರೆ ಏನು ಅನ್ನೋರಿಗೆ ಎರಡು ಸಾಲು. ಕೇಂದ್ರ ಸರ್ಕಾರದ ಡಬ್ಲ್ಯುಪಿಸಿ ವಿಭಾಗದಿಂದ ಲೈಸೆನ್ಸ್ ಮತ್ತು ಕಾಲ್ ಸೈನ್ ಪಡೆದು, ಹವ್ಯಾಸಕ್ಕಾಗಿ ರೇಡಿಯೋ ನಡೆಸುವವರು ಹ್ಯಾಮ್‌ಗಳು. 12 ವರ್ಷ ತುಂಬಿದವರು ಪರೀಕ್ಷೆ ಬರೆಯಬಹುದು. ಟವರ್ ಬೇಡ, ಸಿಮ್ ಬೇಡ, ಈ ಸೆಟ್‌ನಿಂದ ಆ ಸೆಟ್‌ಗೆ ನೇರ ಮಾತು. ವಾಟ್ಸಾಪ್ ಕಾಲದಲ್ಲಿ ಇದ್ಯಾಕೆ ಅಂತ ಕೇಳೋರಿಗೆ 2004ರ ಡಿಸೆಂಬರ್ 26 ಉತ್ತರ. ಸುನಾಮಿ ಬಂದ ದಿನ ಭಾರತಿ ಪ್ರಸಾದ್ ಮತ್ತು ಅವರ ಹ್ಯಾಮ್ ತಂಡ ಹವ್ಯಾಸದ ಕೆಲಸಕ್ಕೆ ಅಂತಲೇ ಪೋರ್ಟ್ ಬ್ಲೇರ್‌ನಲ್ಲಿತ್ತು. ಫೋನ್ ಸಂಪರ್ಕ ಕಡಿದಾಗ ಅಂಡಮಾನ್‌ನ ಸುದ್ದಿ ಹೊರಗೆ ಮುಟ್ಟಿಸಿದ್ದರಲ್ಲಿ ಅವರ ಸ್ಟೇಷನ್ನೂ ಒಂದು.

ಅಂಡಮಾನ್ ದೂರ ಆಯ್ತು ಅಂದ್ರೆ ನಮ್ಮ ಹೊಳೆಗೇ ಬರ್ರಿ. 2019ರ ಆಗಸ್ಟ್‌ನಲ್ಲಿ ತುಂಗಭದ್ರೆ ಉಕ್ಕಿ ಗಂಗಾವತಿ ತಾಲ್ಲೂಕಿನ ವಿರೂಪಾಪುರ ಗಡ್ಡೆಯಲ್ಲಿ ಪ್ರವಾಸಿಗರು ಸಿಕ್ಕಿಬಿದ್ದಿದ್ದರು. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಡ್ಯಾಮಿನ 19ನೇ ಗೇಟಿನ ಚೈನ್ ತುಂಡಾಗಿ ಗೇಟೇ ಕೊಚ್ಚಿಹೋಯ್ತು. ಕೆಳಗಿನ ಊರುಗಳಿಗೆ ಎಚ್ಚರಿಕೆ ಕೊಟ್ಟು, ಹೊಸ ಗೇಟ್ ಎಲಿಮೆಂಟ್ ಇಳಿಸೋತನಕ ಇಡೀ ಜಿಲ್ಲೆ ಉಸಿರು ಬಿಗಿಹಿಡಿದು ಕೂತಿತ್ತು. ಇಂಥ ರಾತ್ರಿ ಹೊಳೆದಂಡೆಯ ರಸ್ತೆಯಲ್ಲಿ ಓಡಾಡುವ ಒಂದು ರೇಡಿಯೋ ಗಾಡಿ ಎಷ್ಟು ಉಪಯೋಗ ಅಂತ ಬಿಡಿಸಿ ಹೇಳಬೇಕಿಲ್ಲ.

ಆನೆಗುಂದಿ ಸುತ್ತ ಬಂಡೆಗುಡ್ಡ ಬೇರೆ. ಕೈಯಲ್ಲಿ ಹಿಡಿಯುವ ವಿಎಚ್‌ಎಫ್ ವಾಕಿಟಾಕಿಯ ಸಿಗ್ನಲ್ ಹೆಚ್ಚುಕಡಿಮೆ ನೇರ ಗೆರೆಯಲ್ಲಿ ಹೋಗುತ್ತೆ, ಗುಡ್ಡದ ಹಿಂದೆ ಸತ್ತುಹೋಗುತ್ತೆ. 7 ಮೆಗಾಹರ್ಟ್ಜ್‌ನ ಎಚ್‌ಎಫ್ ಹಂಗಲ್ಲ. ಹಗಲು ಹೊತ್ತಲ್ಲಿ ಮೇಲಕ್ಕೆ ಹೋಗಿ, ಅಯಾನುಗೋಳದಿಂದ ವಾಪಸ್ ಬಿದ್ದು, ಗುಡ್ಡದ ಆಚೆಗೂ ಬೆಂಗಳೂರಿಗೂ ಒಂದೇ ಸಲ ತಲುಪಬಲ್ಲದು. ಹಂಗಾಗಿ ನಮ್ಮ ಸೀಮೆಯ ಗಾಡಿಗೆ ಎಚ್‌ಎಫ್ ಬೇಕು. ತೊಂದರೆ ಏನಂದ್ರೆ, ಗಾಡಿಯ ಗದ್ದಲ ಅತಿ ಹೆಚ್ಚು ಕಾಡೋದೂ ಅಲ್ಲೇ. ವಿಎಚ್‌ಎಫ್‌ನಲ್ಲಿ ಬಳಸೋದು ಎಫ್‌ಎಂ, ಅದರ ರಿಸೀವರ್ ಸಿಗ್ನಲ್‌ನ ಎತ್ತರದ ಏರಿಳಿತವನ್ನ ಕತ್ತರಿಸಿ ಹಾಕುತ್ತೆ, ಅರ್ಧ ಗದ್ದಲ ಅಲ್ಲೇ ಹೋಗುತ್ತೆ. ಎಚ್‌ಎಫ್‌ನಲ್ಲಿ ಬಳಸುವ ಎಸ್‌ಎಸ್‌ಬಿಯಲ್ಲಿ ಮಾತು ಇರೋದೇ ಆ ಏರಿಳಿತದಲ್ಲಿ. ಕತ್ತರಿಸಿದ್ರೆ ಮಾತೂ ಹೋಯ್ತು.

ಈಗ ಪವರ್ ವಾದಕ್ಕೆ ಬರೋಣ. ರೇಡಿಯೋದ ಎಸ್ ಮೀಟರ್‌ನಲ್ಲಿ ಒಂದು ಅಂಕ ಅಂದ್ರೆ 6 ಡೆಸಿಬೆಲ್. ಎಂಜಿನ್ ಸ್ಟಾರ್ಟ್ ಮಾಡಿದಾಗ ಗದ್ದಲ ಎಸ್ 3ರಿಂದ ಎಸ್ 6ಕ್ಕೆ ಏರಿತು ಅಂತ ಇಟ್ಕೊಳ್ರಿ. ಒಟ್ಟು 18 ಡೆಸಿಬೆಲ್, ಅಂದ್ರೆ ಸುಮಾರು 63 ಪಟ್ಟು. ಆ ಕಡೆ ಒಬ್ಬ ಮನೆ ಮಾಳಿಗೆ ಮೇಲೆ ಕೂತು, ಬ್ಯಾಟರಿ ಉಳಿಸೋಕೆ 5 ವ್ಯಾಟ್‌ನಲ್ಲಿ ಮಾತಾಡ್ತಿದ್ದಾನೆ. ಮೊದಲಿನಷ್ಟೇ ಸ್ಪಷ್ಟವಾಗಿ ನಮಗೆ ಕೇಳಿಸಬೇಕಂದ್ರೆ ಅವನು 315 ವ್ಯಾಟ್ ಬಿಡಬೇಕು. ಎಲ್ಲಿಂದ ತರ್ತಾನೆ? ನಾವು ನಮ್ಮ ಗಾಡಿಗೆ ಎಷ್ಟೇ ದೊಡ್ಡ ಆಂಪ್ಲಿಫೈಯರ್ ಹಾಕಿದ್ರೂ ಅವನ ದನಿ ಒಂದು ಗೆರೆ ಜಾಸ್ತಿ ಆಗಲ್ಲ. ನಮ್ಮ ಪವರ್ ನಮ್ಮ ಮಾತಿಗೆ, ನಮ್ಮ ಕಿವಿಗೆ ಅದರಿಂದ ಏನೂ ಸಿಗಲ್ಲ. ಕೇಳಿಸದವನ ಹತ್ತಿರ ಜೋರಾಗಿ ಕೂಗೋಕೆ ಹೊರಟ ಗಾಡಿ ಅದು. ಇಷ್ಟು ಗೊತ್ತಿದ್ದೂ ನಾವು ಮೊದಲು ಪವರ್ ಕೊಳ್ಳೋಕೆ ಹೋಗ್ತೀವಿ, ಯಾಕಂದ್ರೆ ಆಂಪ್ಲಿಫೈಯರ್ ಫೋಟೋದಲ್ಲಿ ಚೆನ್ನಾಗಿ ಕಾಣುತ್ತೆ, ಬಾನೆಟ್ ಕೆಳಗಿನ ಅರ್ಥಿಂಗ್ ಪಟ್ಟಿ ಕಾಣಲ್ಲ.

ಗದ್ದಲ ಎಲ್ಲಿಂದ ಬರುತ್ತೆ ಅನ್ನೋದರಲ್ಲೂ ಒಂದು ತಪ್ಪು ನಂಬಿಕೆ ಇದೆ. ಗ್ಯಾರೇಜಿನ ಮೇಸ್ತ್ರಿಯೊಬ್ಬರು ನಮಗೆ ಹೇಳಿದ್ದು: "ಡೀಸೆಲ್ ಗಾಡ್ಯಾಗ ಪ್ಲಗ್ಗೇ ಇರಂಗಿಲ್ಲ ತಮ್ಮಾ, ಸದ್ದು ಎಲ್ಲಿಂದ ಬರ್ತೈತಿ?" ಅವರ ಅರ್ಧ ಮಾತು ಪೂರ್ತಿ ನಿಜ. ಮನೆ ಮುಂದೆ ಮೊಪೆಡ್ ಹೋದ್ರೆ ಅಜ್ಜನ ರೇಡಿಯೋ ಪಟಪಟ ಅನ್ನೋದು ಸ್ಪಾರ್ಕ್ ಪ್ಲಗ್‌ನಿಂದ, ಡೀಸೆಲ್‌ನಲ್ಲಿ ಅದಿಲ್ಲ. ಆದ್ರೆ ಈಗಿನ ಕಾಮನ್ ರೈಲ್ ಡೀಸೆಲ್‌ನಲ್ಲಿ ಇಂಜೆಕ್ಟರ್‌ಗಳಿಗೆ ಕಂಪ್ಯೂಟರ್ ಚುರುಕಾದ ಪಲ್ಸ್ ಕಳಿಸುತ್ತೆ, ಅದೂ ಟಿಕ್ ಟಿಕ್ ಅನ್ನುತ್ತೆ. ಆಲ್ಟರ್ನೇಟರ್ ಅಂತೂ ಎರಡರಲ್ಲೂ ಇದೆ.

ಆಲ್ಟರ್ನೇಟರ್ ಲೆಕ್ಕ ನಾವು ಮಷೀನ್ಸ್ ಕ್ಲಾಸ್‌ನಲ್ಲಿ ಕಲಿತಿದ್ದೇ. 12 ಧ್ರುವ, 3 ಫೇಸ್, 6 ಡಯೋಡ್. ಒಂದು ಸುತ್ತಿಗೆ ಡಿಸಿಯ ಮೇಲೆ 36 ಅಲೆ. ಎಂಜಿನ್ 800 ಆರ್‌ಪಿಎಂನಲ್ಲಿ ಐಡಲ್, ಪುಲ್ಲಿ ಅನುಪಾತ 2.5 ಇದ್ರೆ ಆಲ್ಟರ್ನೇಟರ್ 2000 ಆರ್‌ಪಿಎಂ. ಸೆಕೆಂಡಿಗೆ 1200 ಅಲೆ. ಎಂಜಿನ್ 2000ಕ್ಕೆ ಏರಿದಾಗ 3000. ಮನುಷ್ಯನ ಮಾತಿಗೆ ರೇಡಿಯೋ ಬಿಡುವ ಜಾಗ ಸುಮಾರು 300ರಿಂದ 3000 ಹರ್ಟ್ಜ್. ಆಕ್ಸಿಲರೇಟರ್ ಒತ್ತಿದಂಗೆ ಸ್ವರ ಏರುವ ಕೂಯ್ ಸದ್ದು ಸರಿಯಾಗಿ ಮಾತಿನ ನಡುಮನೆಯಲ್ಲೇ ಬಂದು ಕೂರುತ್ತೆ.

ಇನ್ನೊಬ್ಬ ಕಳ್ಳ ಮೊಬೈಲ್ ಚಾರ್ಜರ್. 12 ವೋಲ್ಟನ್ನ 5 ವೋಲ್ಟ್ ಮಾಡೋಕೆ ಅದು ಕರೆಂಟನ್ನ ಸೆಕೆಂಡಿಗೆ ಲಕ್ಷಾಂತರ ಸಲ ಆನ್ ಆಫ್ ಮಾಡುತ್ತೆ. 150 ಕಿಲೋಹರ್ಟ್ಜ್‌ನಲ್ಲಿ ಸ್ವಿಚ್ ಆಗುವ ಚಾರ್ಜರ್‌ನ 47ನೇ ಹಾರ್ಮೋನಿಕ್ ಎಷ್ಟು? 7.05 ಮೆಗಾಹರ್ಟ್ಜ್. ಹ್ಯಾಮ್ ಬ್ಯಾಂಡ್ 7.0ರಿಂದ 7.2. ಡ್ಯಾಶ್‌ಕ್ಯಾಮ್, ಆಮೇಲೆ ಹಾಕಿಸಿದ ಎಲ್‌ಇಡಿ ಹೆಡ್‌ಲೈಟ್, ಜಿಪಿಎಸ್ ಟ್ರ್ಯಾಕರ್ ಎಲ್ಲದರದ್ದೂ ಇದೇ ಕತೆ.

ಹುಡುಕೋಕೆ ದುಬಾರಿ ಸ್ಪೆಕ್ಟ್ರಮ್ ಅನಲೈಸರ್ ಬೇಕಿಲ್ಲ. ಮೊದಲು ಚಾವಿ ತೆಗೆದಿಟ್ಟು ಕೇಳೋದು. ಆಗಲೂ ಗದ್ದಲ ಇದ್ರೆ ಒಂದೋ ಅದು ಹೊರಗಿನದ್ದು, ಇಲ್ಲ ಚಾವಿ ಇಲ್ಲದೆ ನಡೆಯುವ ಚಾರ್ಜರ್, ಟ್ರ್ಯಾಕರ್. ಆಮೇಲೆ ಚಾವಿ ಆನ್, ಎಂಜಿನ್ ಆಫ್. ಪೆಟ್ರೋಲ್ ಗಾಡಿಯಲ್ಲಿ ಆಗ ಎರಡು ಸೆಕೆಂಡ್ ಬಂದು ಹೋಗುವ ಸದ್ದು ಫ್ಯುಯೆಲ್ ಪಂಪಿನದ್ದು. ಆಮೇಲೆ ಎಂಜಿನ್, ಆಕ್ಸಿಲರೇಟರ್, ವೈಪರ್, ಎಸಿ ಬ್ಲೋವರ್, ಲೈಟು, ಒಂದೊಂದಾಗಿ. ಕೊನೆಗೆ ಆಂಟೆನಾ ಕೇಬಲ್ ಬಿಚ್ಚಬೇಕು. ಸದ್ದು ಹೋದ್ರೆ ಅದು ಆಂಟೆನಾ ಮೂಲಕ ಬರ್ತಿತ್ತು, ಉಳಿದ್ರೆ ಪವರ್ ವೈರ್ ಮೂಲಕ. ಪ್ರತಿ ಹಂತದಲ್ಲೂ ಎಸ್ ಮೀಟರ್ ಅಂಕ ಬರೆದಿಡಬೇಕು. ಬರೆದಿಡದೆ ಮಾಡಿದ ರಿಪೇರಿ ಬರೀ ಸಮಾಧಾನ.

ಮದ್ದು ಕೂಡ ಹಂಗೇ, ಅಗ್ಗದಿಂದ ಶುರು. ಗದ್ದಲದ ಚಾರ್ಜರನ್ನ ಕಿತ್ತು ಪಕ್ಕಕ್ಕಿಡೋದು ಫ್ರೀ. ಎರಡನೇದು, ರೇಡಿಯೋದ ಪವರನ್ನ ಸಿಗರೇಟ್ ಲೈಟರ್ ಸಾಕೆಟ್‌ನಿಂದ ತಗೊಳ್ಳದೆ ಬ್ಯಾಟರಿಯಿಂದಲೇ ದಪ್ಪ ವೈರಿನಲ್ಲಿ ಎಳೆಯೋದು. 100 ವ್ಯಾಟ್ ಸೆಟ್ ಮಾತಾಡುವಾಗ ಸುಮಾರು 20 ಆಂಪ್ ಎಳೆಯುತ್ತೆ. ಹೋಗಿ ಬರೋದು ಸೇರಿ 8 ಮೀಟರ್ ವೈರ್ ಅಂದ್ರೆ, 1.5 ಚದರ ಮಿಲಿಮೀಟರ್ ತಾಮ್ರದಲ್ಲಿ ಹತ್ತಿರ ಹತ್ತಿರ 2 ವೋಲ್ಟ್ ಕಳೆದುಹೋಗುತ್ತೆ, 6 ಚದರ ಮಿಲಿಮೀಟರ್‌ನಲ್ಲಿ ಅರ್ಧ ವೋಲ್ಟ್. ಬ್ಯಾಟರಿ ತಾನೇ ಒಂದು ದೊಡ್ಡ ಫಿಲ್ಟರ್ ಇದ್ದಂಗೆ, ಆಲ್ಟರ್ನೇಟರ್ ಅಲೆಗಳನ್ನ ಬಹಳಷ್ಟು ನುಂಗುತ್ತೆ. ಆದ್ರೆ ಫ್ಯೂಸ್ ಬ್ಯಾಟರಿಯ ಪಕ್ಕದಲ್ಲೇ ಇರಲಿ. ವೈರ್ ಎಲ್ಲೋ ಉಜ್ಜಿ ಬಾಡಿಗೆ ತಾಗಿದ್ರೆ ಹತ್ತೋದು ಬೆಂಕಿ. ಹೊಸ ಗಾಡಿಗಳಲ್ಲಿ ನೆಗೆಟಿವ್ ಟರ್ಮಿನಲ್ ಮೇಲೆ ಕರೆಂಟ್ ಅಳೆಯುವ ಸೆನ್ಸರ್ ಇದ್ರೆ, ನಮ್ಮ ನೆಗೆಟಿವ್ ವೈರನ್ನ ಸೆನ್ಸರ್ ಆಚೆ, ಬಾಡಿ ಅರ್ಥ್ ಪಾಯಿಂಟಿಗೆ ಕೊಡಬೇಕು.

ಮೂರನೇದು ಬಾಂಡಿಂಗ್. ಬಾನೆಟ್, ಬಾಗಿಲು, ಡಿಕ್ಕಿ ಎಲ್ಲ ಬಾಡಿಗೆ ಸೇರಿದ್ದಾವೆ ಅಂತ ಕಣ್ಣಿಗೆ ಕಾಣುತ್ತೆ, ರೇಡಿಯೋ ಫ್ರೀಕ್ವೆನ್ಸಿಗೆ ಹಂಗೆ ಕಾಣಲ್ಲ. ಕೀಲುಗಳಲ್ಲಿ ಪೇಂಟು, ಗ್ರೀಸು, ತುಕ್ಕು. ಸೈಲೆನ್ಸರ್ ಪೈಪ್ ಅಂತೂ ರಬ್ಬರ್ ಮೇಲೆ ನೇತಾಡ್ತಿರುತ್ತೆ, ಎಂಜಿನ್ ರೂಮಿನ ಗದ್ದಲವನ್ನ ಹೊತ್ತು ಹಿಂದಿನವರೆಗೂ ಹರಡುವ ಆಂಟೆನಾ ಅದು. ಹೆಣೆದ ತಾಮ್ರದ ಪಟ್ಟಿ, ಆದಷ್ಟು ಗಿಡ್ಡ, ಆದಷ್ಟು ಅಗಲ, ಪೇಂಟ್ ಕೆರೆದು ಬಿಗಿಯಬೇಕು, ತುಕ್ಕು ಹಿಡಿಯದಂಗೆ ಮೇಲೆ ಗ್ರೀಸ್ ಹಚ್ಚಬೇಕು. ಬಾನೆಟ್ ಬಾಂಡ್ ಆದ್ರೆ ಎಂಜಿನ್ ರೂಮಿಗೆ ಒಂದು ಮುಚ್ಚಳ ಬಿದ್ದಂಗೆ.

ನಾಲ್ಕನೇದು ಫೆರೈಟ್. ಇಲ್ಲಿ ನಮ್ಮ ಹುಡುಗರ ಅವಸರ ಜಾಸ್ತಿ. ಯಾವುದೋ ಫೆರೈಟ್ ಕ್ಲಿಪ್ ತಂದು ವೈರ್ ಮೇಲೆ ಕಟಕ್ ಅನಿಸಿ, ಏನೂ ಆಗಲಿಲ್ಲ ಅಂತ ಕೈಬಿಡ್ತಾರೆ. 7 ಮೆಗಾಹರ್ಟ್ಜ್‌ನಲ್ಲಿ ಒಂದೇ ಸಲ ಹಾದುಹೋದ ವೈರಿಗೆ ಅದು ಕೊಡುವ ತಡೆ ಸಣ್ಣದು. ಸುತ್ತು ಹೆಚ್ಚಾದಂಗೆ ತಡೆ ಸುಮಾರು ಸುತ್ತಿನ ವರ್ಗದಂತೆ ಏರುತ್ತೆ, 5 ಸುತ್ತಿಗೆ ಹತ್ತಿರ ಹತ್ತಿರ 25 ಪಟ್ಟು. ಫೆರೈಟ್‌ನ ಮಿಶ್ರಣವೂ ಮುಖ್ಯ, ಎಚ್‌ಎಫ್‌ಗೆ ಮಿಕ್ಸ್ 31 ಒಳ್ಳೆಯದು. ಎಲ್ಲಕ್ಕಿಂತ ದೊಡ್ಡ ವಿಷಯ ಅಂದ್ರೆ, ಅದನ್ನ ಗದ್ದಲ ಹುಟ್ಟುವ ಕಡೆ ಹಾಕಬೇಕು. ಎಂಜಿನ್ ಕಂಪ್ಯೂಟರ್, ಏರ್‌ಬ್ಯಾಗ್, ಬ್ರೇಕಿನ ವೈರಿಂಗ್ ಕತ್ತರಿಸಿ ಏನನ್ನೂ ಸೇರಿಸೋದು ಬೇಡ. ರೇಡಿಯೋಗೋಸ್ಕರ ಬ್ರೇಕ್ ಕಳ್ಕೊಳ್ಳೋ ಬುದ್ಧಿ ಯಾವ ಎಂಜಿನಿಯರಿಗೂ ಬರಬಾರದು.

ನಮ್ಮ ವಾದಕ್ಕೆ ಎರಡು ಆಕ್ಷೇಪ ಬರ್ತವೆ. ಒಂದು, ಎಂಜಿನ್ ಬಂದ್ ಮಾಡಿ ಕೇಳಿದ್ರಾಯ್ತಲ್ಲ? ನಿಂತ ಗಾಡಿಗೆ ಇದಕ್ಕಿಂತ ಒಳ್ಳೆ ಫಿಲ್ಟರ್ ಇಲ್ಲ, ಒಪ್ತೀವಿ. ಆದ್ರೆ ರಾತ್ರಿಯೆಲ್ಲ ಹಂಗೆ ಮಾತಾಡ್ತಾ ಕೂತ್ರೆ ಬೆಳಿಗ್ಗೆ ಸೆಲ್ಫ್ ಎತ್ತಲ್ಲ, ಓಡ್ತಿರೋ ಗಾಡಿಗಂತೂ ಆ ದಾರಿಯೇ ಇಲ್ಲ. ಎರಡು, ಹೊಸ ಸೆಟ್‌ಗಳಲ್ಲಿ ನಾಯ್ಸ್ ಬ್ಲಾಂಕರ್, ಡಿಎಸ್‌ಪಿ ಎಲ್ಲ ಇದೆಯಲ್ಲ? ಇದೆ. ಬ್ಲಾಂಕರ್ ಟಿಕ್ ಟಿಕ್ ಅನ್ನೋ ಚಿಕ್ಕ ಪಲ್ಸ್‌ಗಳಿಗೆ ನಡೆಯುತ್ತೆ, ಚಾರ್ಜರ್‌ನ ಎಡೆಬಿಡದ ಚುರ್ ಚುರ್‌ಗೆ ನಡೆಯಲ್ಲ. ಡಿಎಸ್‌ಪಿ ಕಿವಿಗೆ ಹಿತ ಕೊಡುತ್ತೆ. ಗದ್ದಲದಡಿ ಪೂರ್ತಿ ಮುಚ್ಚಿಹೋದ ಮಾತನ್ನ ಹುಟ್ಟಿಸಿ ಕೊಡಲ್ಲ.

ಕಂಪನಿಗಳೇ ನೋಡ್ಕೊಳ್ಳಲಿ ಅನ್ನೋ ಹಂಗೂ ಇಲ್ಲ. ಗಾಡಿಯ ಹೊರಗಿನ ರೇಡಿಯೋಗಳನ್ನ ಕಾಪಾಡೋಕೆ ಅಂತ ಇರುವ ಸಿಸ್ಪರ್ 12 ಮಾನದಂಡದ ಅಳತೆ ಶುರುವಾಗೋದೇ 30 ಮೆಗಾಹರ್ಟ್ಜ್‌ನಿಂದ. ನಮ್ಮ 7 ಮೆಗಾಹರ್ಟ್ಜ್ ಅದರ ಕೆಳಗೆ ಬಿತ್ತು. ಬಸ್‌ಸ್ಟ್ಯಾಂಡ್ ಎದುರು ಕೊಂಡ ಚಾರ್ಜರ್ ಅಂತೂ ನಮ್ಮ ಗಾಡಿಯ ಜೊತೆ ಯಾವ ಲ್ಯಾಬ್‌ನಲ್ಲೂ ಕೂತಿದ್ದಲ್ಲ. ಕ್ಲಾಸ್‌ನಲ್ಲೂ ಇಎಂಐ ನಮಗೆ ಎರಡು ಮಾರ್ಕಿನ ಪ್ರಶ್ನೆ. ಡೆಫಿನಿಷನ್ ಬಾಯಿಪಾಠ, ಕಿವಿಯಿಂದ ಕೇಳಿದವರು ಕಡಿಮೆ.

ಹಂಗಾಗಿ ನಾವು ಕೇಳೋದು ಇಷ್ಟು. ಸೆಮಿಸ್ಟರ್‌ಗೆ ಒಂದು ಭಾನುವಾರ ಕಾಲೇಜಿನ ಪಾರ್ಕಿಂಗ್‌ನಲ್ಲಿ ಗದ್ದಲದ ಸರ್ವೆ ಮಾಡೋಣ. ಕೈಯಲ್ಲಿ ಒಂದು ಶಾರ್ಟ್‌ವೇವ್ ರೇಡಿಯೋ, ಒಂದು ನೋಟ್‌ಬುಕ್. ಬೈಕು, ಕಾರು, ಕಾಲೇಜ್ ಬಸ್ಸು, ಚಾರ್ಜರ್, ಯಾವುದು ಯಾವ ದೂರದಲ್ಲಿ ಎಷ್ಟು ಗಲಾಟೆ ಮಾಡುತ್ತೆ ಅಂತ ಪಟ್ಟಿ ಮಾಡೋಣ. ಇಸಿ ಮಾತ್ರ ಬರಬೇಕು ಅಂತಿಲ್ಲ, ಸೈಲೆನ್ಸರ್ ಬಾಂಡ್ ಮಾಡೋಕೆ ಮೆಕ್ಯಾನಿಕಲ್‌ನವರೇ ಬೇಕು. ಆ ಪಟ್ಟಿ ನೋಡಿ ಒಂದೇ ಒಂದು ಗಾಡಿಯನ್ನ ಪೂರ್ತಿ ಶಾಂತ ಮಾಡೋಣ, ಮೊದಲಿನ ಅಂಕ, ಆಮೇಲಿನ ಅಂಕ ಎರಡನ್ನೂ ನೋಟಿಸ್ ಬೋರ್ಡಿಗೆ ಹಾಕೋಣ. ಲೈಸೆನ್ಸ್ ಪರೀಕ್ಷೆಗೆ ಓದೋದು ಪಕ್ಕದಲ್ಲಿ ನಡೀತಿರಲಿ, ಅದಿಲ್ಲದೆ ಮೈಕ್ ಒತ್ತೋ ಹಂಗಿಲ್ಲ. ಇಷ್ಟೆಲ್ಲ ಆದಮೇಲೂ ಕ್ಲಬ್‌ನಲ್ಲಿ ದುಡ್ಡು ಉಳಿದಿದ್ರೆ ಆಂಪ್ಲಿಫೈಯರ್ ಬಗ್ಗೆ ಮೀಟಿಂಗ್ ಕರೀರಿ, ನಾವೂ ಬರ್ತೀವಿ. ಡ್ಯಾಮು ತುಂಬೋದು ಜುಲೈ, ಆಗಸ್ಟ್‌ನಲ್ಲಿ. ಸರ್ವೆ ಅದಕ್ಕಿಂತ ಮುಂಚೆ ಮುಗಿದಿರಬೇಕು.