ಆಳಿಗಿಂತ ಮಿಗಿಲಾದ ನೆರವು

ರಾಯಚೂರು ತಾಲ್ಲೂಕಿನ ಯಾಪಲದಿನ್ನಿಯಿರಲಿ, ದೇವದುರ್ಗ, ಮಾನ್ವಿ ಕಡೆಯ ಹಳ್ಳಿಗಳಿರಲಿ, ಶಾಲೆಗೆ ಹೋಗುವ ಅನೇಕ ಹೆಣ್ಣುಮಕ್ಕಳ ದಿನ ಶಾಲೆಯ ಗಂಟೆಗಿಂತ ಬಹಳ ಮೊದಲೇ ಶುರುವಾಗುತ್ತದೆ. ನೀರು ತರಬೇಕು, ಕಸ ಗುಡಿಸಬೇಕು, ರೊಟ್ಟಿ ಬಡಿಯಲು ಅವ್ವನಿಗೆ ನೆರವಾಗಬೇಕು. ರಾತ್ರಿ ಪುಸ್ತಕ ತೆರೆಯುವಷ್ಟರಲ್ಲಿ ನಿದ್ದೆ ಎಳೆಯುತ್ತದೆ.

ಇಂಥದೇ ದಣಿವಿಗೆ ಹೇಳಿಕೊಟ್ಟ ಪ್ರಾರ್ಥನೆಯೊಂದು ಮುಸ್ಲಿಮರ ಮನೆಗಳಲ್ಲಿ ರೂಢಿಯಲ್ಲಿದೆ. ಅದಕ್ಕೆ 'ತಸ್ಬೀಹೆ ಫಾತಿಮಾ' ಎನ್ನುತ್ತಾರೆ.

ಫಾತಿಮಾ ಪ್ರವಾದಿ ಮುಹಮ್ಮದರ ಮಗಳು. ಬೀಸುವ ಕಲ್ಲು ತಿರುಗಿಸಿ ತಿರುಗಿಸಿ ಆಕೆಯ ಕೈ ನೊಂದಿತ್ತು. ತಂದೆಯ ಬಳಿ ಸೆರೆಯಾಳುಗಳು ಬಂದಿರುವ ಸುದ್ದಿ ತಿಳಿದು, ಮನೆಗೆಲಸಕ್ಕೆ ಒಂದು ಆಳನ್ನು ಕೇಳಲು ಹೋದರು. ತಂದೆ ಸಿಗಲಿಲ್ಲ, ಆಯಿಷಾರಿಗೆ ತಿಳಿಸಿ ಮರಳಿದರು. ಆ ರಾತ್ರಿ ಪ್ರವಾದಿಯವರೇ ಮಗಳ ಮನೆಗೆ ಬಂದರು. ಆಳಿಗಿಂತ ಉತ್ತಮವಾದುದನ್ನು ಕಲಿಸುವುದಾಗಿ ಹೇಳಿ, ಮಲಗುವ ಮುನ್ನ 'ಸುಬ್ಹಾನಲ್ಲಾಹ್' 33 ಸಲ, 'ಅಲ್ಹಮ್ದುಲಿಲ್ಲಾಹ್' 33 ಸಲ, 'ಅಲ್ಲಾಹು ಅಕ್ಬರ್' 34 ಸಲ ಹೇಳಲು ತಿಳಿಸಿದರು. ದೇವರು ಪರಿಶುದ್ಧನು, ಸ್ತುತಿಯೆಲ್ಲ ಅವನದು, ಅವನೇ ಮಹಾನ್ ಎಂಬುದು ಇವುಗಳ ಅರ್ಥ. ಬುಖಾರಿ ಮತ್ತು ಮುಸ್ಲಿಂ ಹದೀಸ್ ಸಂಗ್ರಹಗಳಲ್ಲಿ ಈ ಪ್ರಸಂಗವಿದೆ. ಇದನ್ನು ತಿಳಿಸಿದವರು ಫಾತಿಮಾರ ಪತಿ ಅಲಿ. ಕ್ರಿ.ಶ. 657ರ ಸಿಫ್ಫೀನ್ ಯುದ್ಧದ ರಾತ್ರಿಯೂ ತಾವು ಇದನ್ನು ಬಿಡಲಿಲ್ಲವೆಂದು ಅವರು ಹೇಳಿದ್ದಾರೆ.

ಹಾಗಾದರೆ ಕೆಲಸ ಕಡಿಮೆಯಾಯಿತೇ ಎಂದು ಮಕ್ಕಳು ಕೇಳಬಹುದು. ಇಲ್ಲ. ಕಲ್ಲು ಮರುದಿನವೂ ತಿರುಗಬೇಕಿತ್ತು. ಆದರೆ ಬೇಸರದಿಂದ ಮಲಗಿದವರಿಗೂ ಸಮಾಧಾನದಿಂದ ಮಲಗಿದವರಿಗೂ ಬೆಳಗಿನ ಕೆಲಸ ಒಂದೇ ತೂಕದ್ದಲ್ಲ. ನಮ್ಮ ಕಡೆಯ ತಾಯಂದಿರು ಬೀಸುವ ಕಲ್ಲಿನ ಮುಂದೆ ಕುಳಿತು ದೇವರನ್ನು ನೆನೆದು ಹಾಡುತ್ತಿದ್ದುದೂ ಇದಕ್ಕೇ ಅಲ್ಲವೇ?

ಪಾಲಕರು ಮಾತ್ರ ಇಷ್ಟಕ್ಕೇ ನಿಲ್ಲಬಾರದು. 'ದೇವರ ಹೆಸರು ಹೇಳಿ ದುಡಿ' ಎಂದು ಮಗಳಿಗೆ ಬುದ್ಧಿ ಹೇಳಿ, ಮಗನನ್ನು ಆಟಕ್ಕೆ ಬಿಡಲು ಈ ಪ್ರಸಂಗ ಆಧಾರವಾಗದು. ಪ್ರವಾದಿಯವರು ಮನೆಯಲ್ಲಿದ್ದಾಗ ಮನೆಯವರ ಕೆಲಸದಲ್ಲಿ ತೊಡಗಿರುತ್ತಿದ್ದರು, ನಮಾಜಿನ ಹೊತ್ತಾದಾಗ ಹೊರಡುತ್ತಿದ್ದರು ಎಂದು ಆಯಿಷಾರೇ ತಿಳಿಸಿದ್ದಾರೆ.

ಪರೀಕ್ಷೆಗೆ ಮುನ್ನ ಎಷ್ಟೋ ವಿದ್ಯಾರ್ಥಿಗಳು ಹೇಳುವ ಪ್ರವಾದಿ ಮೂಸಾರ ದುಆ ಕೂಡ ಇದನ್ನೇ ಕಲಿಸುತ್ತದೆ. ಕುರ್‌ಆನಿನ 20ನೆಯ ಅಧ್ಯಾಯದಲ್ಲಿ ಬರುವ ಆ ಮೊರೆಯಲ್ಲಿ ಅವರು ಮನಸ್ಸಿಗೆ ಧೈರ್ಯ ಬೇಡುತ್ತಾರೆ, ಕೆಲಸ ಸುಲಭವಾಗಲಿ ಎನ್ನುತ್ತಾರೆ, ನಾಲಗೆಯ ತೊಡಕು ಬಿಡಿಸೆಂದು ಕೇಳುತ್ತಾರೆ. ಅನೇಕರು ಅಲ್ಲಿಗೇ ನಿಲ್ಲಿಸುತ್ತಾರೆ. ಮೂಸಾರು ಮುಂದುವರಿದು, ಹೊಣೆ ಹಂಚಿಕೊಳ್ಳಲು ಸೋದರ ಹಾರೂನರನ್ನೂ ಜೊತೆಗೆ ಕೊಡೆಂದು ಬೇಡುತ್ತಾರೆ.

ನಿಮ್ಮ ಮನೆಯ ಧರ್ಮ ಯಾವುದೇ ಇರಲಿ, ಈ ವಾರ ಒಂದು ಕೆಲಸ ಮಾಡಿ ನೋಡಿ. ಸಂಜೆಯ ನೀರು ತರುವ ಕೆಲಸ ಮಗನಿಗಿರಲಿ, ಆ ಒಂದು ತಾಸು ಮಗಳ ಓದಿಗಿರಲಿ. ಮಲಗುವ ಮುನ್ನ ಇಬ್ಬರೂ ಕೂಡಿ ದೇವರನ್ನು ನೆನೆಯಲಿ.